ಬಿಸಿಯಾದ ಮೇಲೆ ಮಿಸ್ಸಿಂಗ್: 1997ರ ಮಾರುತಿ 800, ಪ್ಲಗ್ ಬದಲಿಸಿದರೂ ಹೋಗ್ತಿಲ್ಲ

ಒಂಟಿಕೊಪ್ಪಲ್ 800 (ಮೈಸೂರು)

ಎಲ್ಲರಿಗೂ ನಮಸ್ಕಾರ. ಅಪ್ಪ 1997ರಲ್ಲಿ ತಗೊಂಡ ಮಾರುತಿ 800, ಕಾರ್ಬುರೇಟರ್ ಗಾಡಿ, ಈಗ ನನ್ನ ಹತ್ರ ಇದೆ. 1,12,000 ಕಿಲೋಮೀಟರ್ ಓಡಿದೆ. ಎರಡು ತಿಂಗಳಿಂದ ಮಿಸ್ಸಿಂಗ್, ಅಂದ್ರೆ ಇಂಜಿನ್ ನಡುನಡುವೆ ಉರಿಯದೆ ತಪ್ಪೋದು, ಶುರುವಾಗಿದೆ.

ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದ್ರೆ ಪರವಾಗಿಲ್ಲ ಅನ್ನೋ ಹಾಗೆ ಓಡುತ್ತೆ. ಹತ್ತು ನಿಮಿಷ ಓಡಿಸಿ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ ಮೇಲೆ ತೊಂದರೆ. ಸಿಗ್ನಲ್‌ನಲ್ಲಿ ನಿಂತರೆ ಒಳಗಿನ ಕನ್ನಡಿ ಎಷ್ಟು ಅದುರುತ್ತೆ ಅಂದ್ರೆ ಹಿಂದಿನ ಗಾಡಿಯ ನಂಬರ್ ಓದೋಕಾಗಲ್ಲ. ಚಾಮುಂಡಿ ಬೆಟ್ಟ ಹತ್ತುವಾಗ ಮೊದಲು ಮೂರನೇ ಗೇರಲ್ಲಿ ಹೋಗ್ತಿದ್ದ ಕಡೆ ಈಗ ಎರಡನೇ ಗೇರ್ ಬೇಕು. ರಿಂಗ್ ರೋಡಲ್ಲಿ 60ರ ಮೇಲೆ ಹೋದ್ರೆ ಮಾತ್ರ ಅಷ್ಟಾಗಿ ಗೊತ್ತಾಗಲ್ಲ.

ಒಂದು ಗ್ಯಾರೇಜಲ್ಲಿ ಮೂರು ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟು ಹಂಚೋದು) ಕ್ಯಾಪ್, ರೋಟರ್ ಎಲ್ಲ ಹೊಸದು ಹಾಕಿದ್ರು. ಕಾರ್ಬುರೇಟರ್ ಬಿಚ್ಚಿ ತೊಳೆದ್ರು. 6,400 ರೂಪಾಯಿ ಆಯ್ತು, ಮಿಸ್ಸಿಂಗ್ ಹಾಗೇ ಇದೆ. ಇನ್ನೊಂದು ಕಡೆ ತೋರಿಸಿದ್ರೆ ಇಂಜಿನ್ ಬಿಚ್ಚಿ ಬೋರ್ (ಸವೆದ ಸಿಲಿಂಡರಿನ ಒಳಗೋಡೆ ಕೊರೆಸೋದು) ಮಾಡಿಸ್ಬೇಕು, 28,000 ಆಗುತ್ತೆ ಅಂದ್ರು. ಖರ್ಚಿಗೆ ಹೆದರಿ ಬರೀತಿಲ್ಲ. ನಿಜವಾಗಲೂ ಬೇಕು ಅಂದ್ರೆ ಮಾಡಿಸ್ತೀನಿ. ಆದ್ರೆ ಯಾಕೆ ಬೇಕು ಅಂತ ಯಾರೂ ಹೇಳ್ತಿಲ್ಲ.

ಹೆಬ್ಬಾಳ್ ಎಂಪಿಎಫ್‌ಐ (ಮೈಸೂರು)

ನನ್ನ ಗಾಡೀಲಿ ಹೀಗೇ ಆದಾಗ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿಂದ ದೋಷದ ಕೋಡ್ ಓದೋ ಸಾಧನ) ಹಾಕಿ ನೋಡಿದ್ವಿ. ಪಿ0302 ಅಂತ ಬಂತು, ಅಂದ್ರೆ ಎರಡನೇ ಸಿಲಿಂಡರ್ ಮಿಸ್. ಪಿ0300 ಅಂತ ಬಂದಿದ್ರೆ ಇಂಥದೇ ಸಿಲಿಂಡರ್ ಅಂತಿಲ್ಲ, ಅಲ್ಲಲ್ಲಿ ಮಿಸ್ ಆಗ್ತಿದೆ ಅಂತ. ಕಿಡಿಗೆ ಕರೆಂಟು ಕೊಡೋ ಕಾಯಿಲ್ ಬದಲಿಸಿದ್ಮೇಲೆ ಸರಿಹೋಯ್ತು. ನಿಮ್ಮ ಕಾರ್ಬುರೇಟರ್ ಗಾಡಿಗೆ ಸ್ಕ್ಯಾನರ್ ಚುಚ್ಚೋ ಜಾಗಾನೇ ಇಲ್ಲ, ಹಾಗಾಗಿ ಯಾವ ಸಿಲಿಂಡರ್ ಅಂತ ಕೈಯಲ್ಲೇ ಹುಡುಕಬೇಕು. ಹುಡುಕೋ ಕ್ರಮ ಗೊತ್ತಿರೋರು ಹೇಳಿ.

ಹಳೇ ಸ್ಪ್ಯಾನರ್ (ಮಂಡ್ಯ)

ನೋಡಪ್ಪ, ಸಾಮಾನು ಹಾಕೋದು ನಿಲ್ಸು ಮೊದ್ಲು. 800ರಲ್ಲಿ ಇರೋದೇ ಮೂರು ಸಿಲಿಂಡರ್, 796 ಸಿಸಿ. ಒಂದು ಕೈ ಕೊಟ್ರೆ ಮೂರನೇ ಒಂದು ಭಾಗ ಶಕ್ತಿ ಹೋಯ್ತು. ಅದಕ್ಕೇ ನಾಲ್ಕು ಸಿಲಿಂಡರ್ ಗಾಡಿಗಿಂತ ಇದು ಜಾಸ್ತಿ ಒದರೋದು. ನಾಲ್ಕು ಪ್ರಶ್ನೆ ಕೇಳ್ತೀನಿ, ನೋಡ್ಕಂಡು ಉತ್ತರ ಹೇಳು.

ಬಡಿತ ಒಂದೇ ತಾಳದಲ್ಲಿ ಐತಾ, ಇಲ್ಲ ಸಿಕ್ಕಾಪಟ್ಟೆ ಐತಾ? ಸೈಲೆನ್ಸರ್ ಹಿಂದೆ ಕೂತ್ಕಂಡು ಕೇಳು. ಟಕ್ ಟಕ್ ಬಿಡುವು, ಟಕ್ ಟಕ್ ಬಿಡುವು ಅಂತ ಲೆಕ್ಕ ತಪ್ಪದೆ ಬಂದ್ರೆ ಒಂದೇ ಸಿಲಿಂಡರಿಂದು. ಒಂದ್ಸಲ ಇಲ್ಲಿ ಒಂದ್ಸಲ ಅಲ್ಲಿ ಅಂತ ತಪ್ಪಿದ್ರೆ ಪೆಟ್ರೋಲ್ ಕಡೆ, ಇಲ್ಲಾಂದ್ರೆ ಗಾಳಿ ಕಡೆ ನೋಡ್ಬೇಕು.

ಎರಡನೇದು, ತೆಳ್ಳಗಿರೋ ಕರ್ಚೀಫು ಸೈಲೆನ್ಸರ್ ಬಾಯಿಗೆ ಎರಡು ಬೆರಳು ದೂರದಲ್ಲಿ ಇಳಿಬಿಡು. ಹೊರಗಡೆಗೇ ಹಾರ್ತಾ ಇರಬೇಕು. ನಡುನಡುವೆ ಒಳಕ್ಕೆ ಎಳ್ಕಂಡ್ರೆ ಇಲ್ಲಿ ಬರೆದು ತಿಳ್ಸು. ಮೂರನೇದು, ಎಣ್ಣೆ ಎಷ್ಟು ಕುಡೀತದೆ? ನಾಲ್ಕು, ಹೊಗೆ ಯಾವ ಬಣ್ಣ?

ಪದ್ಮಿನಿ ಮನೆ (ಅಗ್ರಹಾರ, ಮೈಸೂರು)

ನಮ್ಮ ಮನೆಯಲ್ಲಿ ಪ್ರೀಮಿಯರ್ ಪದ್ಮಿನಿ ಇದೆ, ಮಾವನವರ ಕಾಲದ್ದು. 1,089 ಸಿಸಿ, ಪಾಯಿಂಟ್ ಸೆಟ್ ಇರೋ ಗಾಡಿ. ಮಳೆಗಾಲದ ಬೆಳಗ್ಗೆಗಳಲ್ಲಿ ಮಾತ್ರ ಮಿಸ್ ಹೊಡೀತಿತ್ತು, ಬಿಸಿಲು ಬಂದ ಮೇಲೆ ಸರಿಹೋಗ್ತಿತ್ತು. ರಾತ್ರಿ ಶೆಡ್ಡಿನ ದೀಪ ಆರಿಸಿ, ಇಂಜಿನ್ ಚಾಲೂ ಮಾಡಿ, ಇಸ್ತ್ರಿಗೆ ನೀರು ಚಿಮುಕಿಸೋ ಬಾಟಲಿಯಿಂದ ವೈರ್‌ಗಳ ಮೇಲೆ ಹಗುರವಾಗಿ ನೀರು ಹೊಡೆದೆ. ಎರಡನೇ ವೈರಿಂದ ಇಂಜಿನ್ ಬ್ಲಾಕಿಗೆ ಸಣ್ಣ ನೀಲಿ ಗೆರೆ ಚಟಚಟ ಅಂತ ಹಾರ್ತಿತ್ತು. ಹಗಲಲ್ಲಿ ಎಷ್ಟು ಸಲ ನೋಡಿದ್ರೂ ಕಂಡಿರಲಿಲ್ಲ. ಕ್ಯಾಪಿನ ಒಳಗೆ ಪೆನ್ಸಿಲ್ಲಿಂದ ಎಳೆದ ಹಾಗೆ ಕಪ್ಪು ಗೆರೆ ಬೇರೆ ಇತ್ತು. ಅದು ಕರೆಂಟು ಹರಿದು ಸುಟ್ಟ ದಾರಿ.

ನಿಮ್ಮದು ತದ್ವಿರುದ್ಧ, ಬಿಸಿಯಾದ ಮೇಲೆ ಬರೋದು. ಆದರೂ ಐದು ನಿಮಿಷದ ಪರೀಕ್ಷೆ, ಮಾಡಿಬಿಡಿ. ಕೈ ವೈರ್ ಹತ್ರ ತಗೊಂಡು ಹೋಗಬೇಡಿ, ಸೆರಗು ದುಪಟ್ಟಾ ತೋಳು ಯಾವುದೂ ಬೆಲ್ಟ್ ಕಡೆ ಹೋಗದ ಹಾಗೆ ನೋಡ್ಕೊಳ್ಳಿ.

ಕಬ್ಬಿನ ಗದ್ದೆ (ಪಾಂಡವಪುರ)

ಅಣ್ಣ, ಎಲ್ಲರೂ ಪ್ಲಗ್ಗು ವೈರು ಅಂತಿದ್ದೀರಿ, ಪೆಟ್ರೋಲ್ ಕಡೆ ಯಾರೂ ನೋಡ್ತಿಲ್ಲ. ನಮ್ಮ ಕಬ್ಬಿನ ಕಾಕಂಬಿಯಿಂದಲೂ ಎಥನಾಲ್ ಆಗಿ ಬಂಕಿಗೆ ಬರುತ್ತೆ, ರೈತನಾಗಿ ನನಗೆ ಅದರ ಮೇಲೆ ದ್ವೇಷ ಇಲ್ಲ. ಆದ್ರೆ 1997ರ ಗಾಡಿ ಈಗಿನ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಮಾಡಿದ್ದಲ್ಲ. ಬರೀ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಇಪ್ಪತ್ತು ಪರ್ಸೆಂಟ್ ಬೆರೆಸಿದ್ರೆ ಲೆಕ್ಕ ಹದಿಮೂರೂವರೆ ಹತ್ರ ಬರುತ್ತೆ. ಆಕ್ಸಿಜನ್ ಸೆನ್ಸರ್ ಇರೋ ಗಾಡಿ ತಾನೇ ಸರಿ ಮಾಡ್ಕೊಳ್ಳುತ್ತೆ, ಪೆಟ್ರೋಲ್ ಬಿಡೋ ಕಾರ್ಬುರೇಟರ್ ಜೆಟ್ಟಿನ ತೂತು ಮಾತ್ರ ಅಷ್ಟೇ ಇರುತ್ತೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗುತ್ತೆ.

ನಾನೇ ಪರೀಕ್ಷೆ ಮಾಡಿದ್ದೀನಿ. ಗೆರೆ ಇರೋ ಗಾಜಿನ ಸಿಲಿಂಡರಲ್ಲಿ 10 ಎಂಎಲ್ ನೀರು, ಮೇಲೆ 90 ಎಂಎಲ್ ಪೆಟ್ರೋಲ್. ಬಿರಡೆ ಹಾಕಿ ಅಲುಗಿಸಿ ಇಟ್ಟೆ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತೆ. ಹತ್ತರಲ್ಲಿದ್ದ ಗೆರೆ 27ಕ್ಕೆ ಬಂತು. 90ರಲ್ಲಿ 17, ಅಂದ್ರೆ ಹೆಚ್ಚುಕಮ್ಮಿ 19 ಪರ್ಸೆಂಟ್. ಹೊಲದಲ್ಲಿ, ಬಯಲಲ್ಲಿ ಮಾಡಿದ್ದು. ಮನೆಯೊಳಗೆ, ಅಡುಗೆಮನೆ ಹತ್ರ ಖಂಡಿತ ಬೇಡ.

ಹಳೇ ಸ್ಪ್ಯಾನರ್ (ಮಂಡ್ಯ)

ಗದ್ದೆ ಹೇಳೋದು ಸುಳ್ಳಲ್ಲ. ಹಳೇ ರಬ್ಬರ್ ಪೈಪು ಎಥನಾಲಿಗೆ ಮೆತ್ತಗಾಗಿ ಉದುರ್ತದೆ, ಟ್ಯಾಂಕಿನ ತಳದ ಕಸ ಕಿತ್ಕಂಡು ಬಂದು ಫಿಲ್ಟರ್ ಕಟ್ತದೆ. ಆದ್ರೆ ಪೆಟ್ರೋಲಿನ ದೋಷ ಮೂರು ಸಿಲಿಂಡರಿಗೂ ಸಮ ಇರ್ತದಪ್ಪ. ಟ್ಯಾಂಕ್ ಒಂದೇ, ಕಾರ್ಬುರೇಟರ್ ಒಂದೇ. ಜೊತೆಗೆ, ಪೆಟ್ರೋಲ್ ಕಮ್ಮಿಯಾದ ಇಂಜಿನ್ ತಣ್ಣಗಿದ್ದಾಗ ಜಾಸ್ತಿ ಗೋಳಾಡ್ತದೆ, ಬಿಸಿಯಾದ ಮೇಲೆ ಸುಧಾರಿಸ್ತದೆ. ಈ ಹುಡುಗನ ಗಾಡಿ ಉಲ್ಟಾ. ಅವನ ಉತ್ತರ ಬರ್ಲಿ.

ಒಂಟಿಕೊಪ್ಪಲ್ 800 (ಮೈಸೂರು)

ಯಜಮಾನ್ರೇ, ನಿನ್ನೆ ಸಂಜೆ ಎಲ್ಲ ನೋಡಿದೆ. ಬಡಿತ ಒಂದೇ ತಾಳದಲ್ಲಿದೆ, ಎಣಿಸಬಹುದು. ಕರ್ಚೀಫು ನಾಲ್ಕೈದು ಸಲ ಹೊರಗೆ ಹಾರಿ ಒಂದ್ಸಲ ಪಟ್ ಅಂತ ಪೈಪಿನ ಬಾಯಿಗೆ ಅಂಟಿಕೊಳ್ಳುತ್ತೆ. ಇಂಜಿನ್ ತಣ್ಣಗಿದ್ದಾಗ ಹೀಗಾಗಲ್ಲ. ಎಣ್ಣೆ ಕುಡಿಯಲ್ಲ, ಸರ್ವಿಸಿಂದ ಸರ್ವಿಸಿಗೆ ಡಿಪ್‌ಸ್ಟಿಕ್ಕಲ್ಲಿ ಕಾಲಿಂಚು ಇಳಿಯಬಹುದು. ಹೊಗೆ ಕಾಣಲ್ಲ.

ಅಕ್ಕ, ಕತ್ತಲಲ್ಲಿ ನೀರು ಹೊಡೆದು ನೋಡಿದೆ, ಎಲ್ಲೂ ಕಿಡಿ ಇಲ್ಲ.

ಇನ್ನೊಂದು ವಿಷಯ ಸಿಕ್ತು. ಎಮಿಷನ್ ಟೆಸ್ಟಿನ ಹಳೇ ಚೀಟಿ ಗ್ಲವ್ ಬಾಕ್ಸಲ್ಲಿತ್ತು. ಹೋದ ಸಲ ಎಚ್‌ಸಿ 420 ಪಿಪಿಎಂ. ಈ ಸಲ 1,340. ಕಾರ್ಬನ್ ಮಾನಾಕ್ಸೈಡ್ ಮಾತ್ರ ಎರಡರಲ್ಲೂ 1 ಪರ್ಸೆಂಟಿನ ಆಸುಪಾಸು. ನನ್ನ ಗಾಡಿ ಕಾಲದವಕ್ಕೆ ಎಚ್‌ಸಿ ಮಿತಿ 1,500 ಆಗಿರೋದ್ರಿಂದ ಪಾಸ್ ಅಂತ ಕೊಟ್ಟಿದ್ದಾರೆ.

ಹಳೇ ಸ್ಪ್ಯಾನರ್ (ಮಂಡ್ಯ)

ಬಲೇ, ಆ ಚೀಟಿ ನೋಡಿದ್ದು ಒಳ್ಳೇದಾಯ್ತು. ಎಚ್‌ಸಿ ಅಂದ್ರೆ ಉರಿಯದೆ ಹಸಿಯಾಗಿ ಹೊರಗೆ ಹೋದ ಪೆಟ್ರೋಲು. ಕಾರ್ಬುರೇಟರ್ ಜಾಸ್ತಿ ಪೆಟ್ರೋಲ್ ಬಿಡ್ತಿದ್ರೆ ಸಿಒ (ಕಾರ್ಬನ್ ಮಾನಾಕ್ಸೈಡ್) ಏರ್ತಿತ್ತು. ಸಿಒ ಇದ್ದಲ್ಲೇ ಇದ್ದು ಎಚ್‌ಸಿ ಮೂರು ಪಟ್ಟು ಆದ್ರೆ, ಒಂದು ಕೋಣೆಯಲ್ಲಿ ಒಲೆ ಸರಿಯಾಗಿ ಹತ್ತುತ್ತಿಲ್ಲ ಅಂತಾನೇ.

ಈಗ ಯಾವ ಕೋಣೆ ಅಂತ ನೋಡು. ಇಂಜಿನ್ ಚೆನ್ನಾಗಿ ಬಿಸಿ ಮಾಡು. ಆಫ್ ಮಾಡಿ ಒಂದು ಪ್ಲಗ್ ವೈರ್ ಕಿತ್ತು, ಅದರ ತುದಿಗೆ ಹಳೇ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹ ಬ್ಲಾಕಿಗೆ ತಾಗೋ ಹಾಗೆ ಬಿಗಿಯಾಗಿ ಕಟ್ಟು. ವೈರನ್ನ ಸುಮ್ನೆ ಗಾಳೀಲಿ ನೇತಾಡಿಸಬೇಡ, ಕರೆಂಟಿಗೆ ದಾರಿ ಸಿಗದೆ ಕಾಯಿಲೋ ಇಗ್ನೈಟರೋ ಸುಡಬಹುದು. ಸ್ಟಾರ್ಟ್ ಮಾಡಿ ಇಂಜಿನ್ ಎಷ್ಟು ಕುಸೀತದೆ ನೋಡು. ಹೀಗೆ ಮೂರಕ್ಕೂ ಮಾಡು. ಯಾವುದು ಕಿತ್ರೂ ಮೊದಲಿನ ಹಾಗೇ ಓಡ್ತದೋ ಅದೇ ಕಳ್ಳ. ಟೈಮಿಂಗ್ ಬೆಲ್ಟ್ ಕಡೇದು ಒಂದನೇ ನಂಬರು. ಕಿಡಿ ಬರೋ ಕ್ರಮ 1-3-2, ವೈರ್ ಅದಲುಬದಲು ಆಗಿಲ್ಲ ಅಂತಾನೂ ನೋಡ್ಕೊ.

ಹೆಬ್ಬಾಳ್ ಎಂಪಿಎಫ್‌ಐ (ಮೈಸೂರು)

ಇದನ್ನ ಓದೋ ಹೊಸ ಗಾಡಿಯವರಿಗೆ ಒಂದು ಮಾತು. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ಭಾಗ) ಇರೋ ಗಾಡೀಲಿ ವೈರ್ ಕಿತ್ತು ಹೊತ್ತುಗಟ್ಟಲೆ ಓಡಿಸಬೇಡಿ. ಹಸಿ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದೇ ಕರಗಿಹೋಗುತ್ತೆ. ಚೆಕ್ ಇಂಜಿನ್ ದೀಪ ಮಿಣಮಿಣ ಅಂತ ಹೊಡ್ಕೊಳ್ತಿದ್ರೂ ಅಷ್ಟೇ, ಎಕ್ಸ್‌ಪ್ರೆಸ್‌ವೇನಲ್ಲಿದ್ರೂ ವೇಗ ತಗ್ಗಿಸಿ ಪಕ್ಕಕ್ಕೆ ಹಾಕಿ.

ಒಂಟಿಕೊಪ್ಪಲ್ 800 (ಮೈಸೂರು)

ಒಂದನೇದು ಕಿತ್ತರೆ ಇಂಜಿನ್ ನಿಂತೇ ಹೋಗೋಷ್ಟು ಕುಸೀತು. ಎರಡನೇದೂ ಹಾಗೇ. ಮೂರನೇದು ಕಿತ್ತರೆ ಏನೂ ವ್ಯತ್ಯಾಸ ಇಲ್ಲ, ನಡುಕ ಕೂಡ ಅಷ್ಟೇ. ಹೊರಗೆ ಕಟ್ಟಿದ್ದ ಪ್ಲಗ್ಗಲ್ಲಿ ನೀಲಿ ಕಿಡಿ ಚೆನ್ನಾಗೇ ಬರ್ತಿತ್ತು.

ಮೂರನೇ ಪ್ಲಗ್ಗನ್ನ ಒಂದಕ್ಕೆ, ಒಂದರದ್ದನ್ನ ಮೂರಕ್ಕೆ ಹಾಕಿದೆ. ಮಿಸ್ ಮೂರರಲ್ಲೇ ಉಳೀತು. ಗ್ಯಾರೇಜಲ್ಲಿ ಹಳೇ ವೈರ್ ಸೆಟ್ ವಾಪಸ್ ಕೊಟ್ಟಿದ್ರು, ಅದರ ಮೂರನೇ ವೈರ್ ಹಾಕಿ ನೋಡಿದೆ. ಆಗಲೂ ಮೂರರಲ್ಲೇ.

ಪದ್ಮಿನಿ ಮನೆ (ಅಗ್ರಹಾರ, ಮೈಸೂರು)

ಹಾಗಿದ್ರೆ ಕರೆಂಟಿನ ಕಡೆಯ ಬಾಗಿಲು ಮುಚ್ಚಿದ ಹಾಗೆ. ಕಿಡಿ ಇದೆ, ಪ್ಲಗ್ ಸರಿ, ವೈರ್ ಸರಿ. ಮೂರನೇ ಸಿಲಿಂಡರಿಗೆ ಮಾತ್ರ ಹೊರಗಿಂದ ಬೇಡದ ಗಾಳಿ ಎಳೀತಿರಬಹುದಾ? ಇನ್‌ಟೇಕ್ ಮ್ಯಾನಿಫೋಲ್ಡ್ (ಕಾರ್ಬುರೇಟರಿಂದ ಸಿಲಿಂಡರಿಗೆ ಗಾಳಿ ಪೆಟ್ರೋಲ್ ಒಯ್ಯೋ ಪೈಪು) ಗ್ಯಾಸ್ಕೆಟ್ ಅಲ್ಲಿ ಮಾತ್ರ ಸೀಳಿದ್ರೆ ಹೀಗೇ ಆಗುತ್ತೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇನ ಸ್ವಲ್ಪಸ್ವಲ್ಪ ಆ ಜಾಯಿಂಟಿಗೆ ಹೊಡೆದರೆ ಇಂಜಿನ್ ಶಬ್ದ ಬದಲಾಗಬೇಕು. ಬಿಸಿ ಸೈಲೆನ್ಸರ್ ಕಡೆ ಹೊಡೀಬೇಡಿ, ಬೆಂಕಿ ಹತ್ಕೊಳ್ಳುತ್ತೆ.

ಒಂಟಿಕೊಪ್ಪಲ್ 800 (ಮೈಸೂರು)

ಹೊಡೆದೆ ಅಕ್ಕ. ಮೂರು ಕಡೆಯೂ ಏನೂ ಬದಲಾಗಲಿಲ್ಲ.

ಹಳೇ ಸ್ಪ್ಯಾನರ್ (ಮಂಡ್ಯ)

ಕಿಡಿ ಐತೆ, ಪೆಟ್ರೋಲ್ ಐತೆ, ಹೊರಗಿನ ಬೇಡದ ಗಾಳಿ ಎಳೀತಿಲ್ಲ. ಉಳಿದದ್ದು ಸಿಲಿಂಡರ್ ಒಳಗಿನ ಒತ್ತಡ, ಅಂದ್ರೆ ಕಂಪ್ರೆಷನ್. ಕಂಪ್ರೆಷನ್ ಗೇಜ್ ಇರೋ ಗ್ಯಾರೇಜಿಗೆ ಹೋಗಿ ಮುಂದೆ ನಿಂತು ಮಾಡ್ಸು. ಇಂಜಿನ್ ಬಿಸಿ ಇರಬೇಕು, ಮೂರೂ ಪ್ಲಗ್ ಹೊರಗೆ, ಕಾಯಿಲ್ ಕನೆಕ್ಷನ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಅದುಮಿರಬೇಕು. ಬ್ಯಾಟರಿ ಸೊರಗಿದ್ರೆ ಲೆಕ್ಕ ತಪ್ಪುತ್ತದೆ.

ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಎಣ್ಣೆ ಬಿಟ್ಟು ಇನ್ನೊಂದ್ಸಲ ನೋಡು. ಒತ್ತಡ ಜಿಗಿದ್ರೆ ಪಿಸ್ಟನ್ ರಿಂಗ್ ಸವೆದೈತೆ, ಆಗ ಬೋರ್ ಮಾತು ಬರ್ತದೆ. ಜಿಗೀದಿದ್ರೆ ವಾಲ್ವು (ಗಾಳಿ ಹೊಗೆ ಒಳಹೊರಗೆ ಬಿಡೋ ಬಾಗಿಲು), ಇಲ್ಲಾಂದ್ರೆ ಹೆಡ್ ಗ್ಯಾಸ್ಕೆಟ್ಟು (ಸಿಲಿಂಡರಿನ ಮೇಲ್ಮುಚ್ಚಳದ ಸೀಲು). ಈ ಒಂದು ಚಮಚ ಎಣ್ಣೆ ನೋಡದೆ 28,000ದ ಕೆಲಸ ಒಪ್ಕಬೇಡ.

ಇನ್ನೊಂದು ಕೇಳ್ಬೇಕು. ಈ ಗಾಡಿಗೆ ಯಾವತ್ತಾದ್ರೂ ಗ್ಯಾಸ್ ಕಿಟ್ ಹಾಕ್ಸಿದ್ರಾ?

ಒಂಟಿಕೊಪ್ಪಲ್ 800 (ಮೈಸೂರು)

ಹೌದು, ನಿಮಗೆ ಹೇಗೆ ಗೊತ್ತಾಯ್ತು? ಅಪ್ಪ ಎಲ್‌ಪಿಜಿ ಕಿಟ್ ಹಾಕಿಸಿ ಆರೇಳು ವರ್ಷ ಓಡಿಸಿದ್ರು. ಆಮೇಲೆ ತೆಗೆಸಿದ್ರು. ಡಿಕ್ಕಿಯಲ್ಲಿ ಟ್ಯಾಂಕಿನ ಬೋಲ್ಟ್ ತೂತು ಇನ್ನೂ ಇದೆ.

ಇವತ್ತು ಕಂಪ್ರೆಷನ್ ನೋಡಿಸಿದೆ. ಒಂದನೇದು 165 ಪಿಎಸ್‌ಐ, ಎರಡನೇದು 160, ಮೂರನೇದು 105. ಎಣ್ಣೆ ಬಿಟ್ಟ ಮೇಲೆ ಮೂರನೇದು 108. ಮುಳ್ಳು 108ರಲ್ಲಿ ನಿಂತಾಗ ಗ್ಯಾರೇಜಿನ ಹುಡುಗ ನನ್ನ ಮುಖ ನೋಡಿದ. ನನಗೆ ಮಾತ್ರ ಸಮಾಧಾನ ಆಯ್ತು, ರಿಂಗ್ ಅಲ್ಲ ಅಂತ ಗೊತ್ತಾಯ್ತಲ್ಲ.

ಹೆಬ್ಬಾಳ್ ಎಂಪಿಎಫ್‌ಐ (ಮೈಸೂರು)

ವ್ಯಾಕ್ಯೂಮ್ ಗೇಜ್ (ಇಂಜಿನ್ ಗಾಳಿ ಎಳೆಯೋ ಬಲ ಅಳೆಯೋದು) ಸಿಕ್ಕರೆ ಅದನ್ನೂ ಹಾಕಿ. ವಾಲ್ವ್ ಸೋರ್ತಿದ್ರೆ ಮುಳ್ಳು ಒಂದೇ ತಾಳದಲ್ಲಿ ಹಿಂದಕ್ಕೆ ಬೀಳುತ್ತೆ. ಆದರೆ ಪುಸ್ತಕದ ಅಂಕಿ ನೋಡಿ ಗಾಬರಿ ಆಗಬೇಡಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಸಾವಿರ ಅಡಿಗೆ ಪಾದರಸದ ಒಂದು ಇಂಚಿನ ಲೆಕ್ಕದಲ್ಲಿ ನಮ್ಮಲ್ಲಿ ಎರಡೂವರೆ ಇಂಚು ಕಮ್ಮಿಯೇ ತೋರಿಸುತ್ತೆ. ಒಳ್ಳೇ ಇಂಜಿನ್‌ಗೂ ಅಷ್ಟೇ.

ಹಳೇ ಸ್ಪ್ಯಾನರ್ (ಮಂಡ್ಯ)

ಗೇಜ್ ಸಿಕ್ಕರೆ ಸರಿ, ಸಿಗದಿದ್ರೂ ನಡೀತದೆ. ಎಲ್ಲ ಒಂದು ಕಡೆಗೆ ಬಂದೈತೆ.

ಗ್ಯಾಸಲ್ಲಿ ವರ್ಷಗಟ್ಟಲೆ ಓಡಿದ ಇಂಜಿನ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಕೂರೋ ಸೀಟು ಬೇಗ ಸವೀತದೆ. ಸೀಟು ಸವೆದಷ್ಟೂ ವಾಲ್ವು ಹೆಡ್ಡಿನ ಒಳಕ್ಕೆ ಹೋಗಿ ಅದರ ಕಡ್ಡಿ ಮೇಲಕ್ಕೆ ಬರ್ತದೆ. ಟ್ಯಾಪೆಟ್ ಸಂದು, ಅಂದ್ರೆ ಆ ಕಡ್ಡಿಗೂ ಅದನ್ನ ಒತ್ತೋ ರಾಕರಿಗೂ ನಡುವಿನ ಜಾಗ, ಕಮ್ಮಿ ಆಗ್ತಾ ಆಗ್ತಾ ಸೊನ್ನೆ. ಸಂದು ಜಾಸ್ತಿ ಆದ್ರೆ ಟಕಟಕ ಸದ್ದು ಬರ್ತದೆ, ಎಲ್ಲರಿಗೂ ಕೇಳ್ತದೆ. ಕಮ್ಮಿ ಆದ್ರೆ ಸದ್ದೇ ಇರಲ್ಲ, ಇಂಜಿನ್ ಇನ್ನೂ ನಯವಾಯ್ತು ಅನ್ಕಂಡು ಜನ ಸುಮ್ನಿರ್ತಾರೆ. ತಣ್ಣಗಿದ್ದಾಗ ಹೇಗೋ ಮುಚ್ಚಿಕೊಳ್ಳುತ್ತೆ. ಬಿಸಿಯಾದಾಗ ವಾಲ್ವಿನ ಕಡ್ಡಿ ಉದ್ದ ಆಗಿ ರಾಕರಿಗೆ ತಗಲಿ ಪೂರ್ತಿ ಕೂರಲ್ಲ. ಸಿಲಿಂಡರ್ ಗಾಳಿ ಎಳೆಯುವಾಗ ಆ ಸಂದಿಯಿಂದ ಸೈಲೆನ್ಸರ್ ಕಡೆಯಿಂದಲೂ ಎಳೀತದೆ. ನಿನ್ನ ಕರ್ಚೀಫು ಅಂಟ್ಕಂಡಿದ್ದು ಅದಕ್ಕೇ. ವೇಗವಾಗಿ ತಿರುಗುವಾಗ ಸೋರೋಕೆ ಹೊತ್ತು ಸಾಲಲ್ಲ, ಹಂಗಾಗಿ 60ರ ಮೇಲೆ ಗೊತ್ತಾಗ್ತಿರಲಿಲ್ಲ.

ರಾತ್ರಿಯೆಲ್ಲ ನಿಂತು ತಣ್ಣಗಾದ ಇಂಜಿನ್‌ಗೆ ಟ್ಯಾಪೆಟ್ ಮಾಡ್ಸು. ಬಿಸಿ ಇಂಜಿನ್‌ಗೆ ತಣ್ಣನೆ ಲೆಕ್ಕ ಇಟ್ರೆ ಎಲ್ಲ ತಪ್ಪು. ಮೂರನೇ ಸಿಲಿಂಡರ್ ಕಂಪ್ರೆಷನ್ ತುದಿಗೆ ಬಂದಿರಬೇಕು, ಡಿಸ್ಟ್ರಿಬ್ಯೂಟರ್ ರೋಟರ್ ಮೂರನೇ ವೈರ್ ಕಡೆ ತೋರಿಸ್ತಿರಬೇಕು. ಲಾಕ್ ನಟ್ ಸಡಿಲಿಸೋ ಮೊದ್ಲು ಈಗ ಎಷ್ಟು ಸಂದು ಐತೆ ಅಂತ ಫೀಲರ್ ಗೇಜಲ್ಲಿ (ಸಂದು ಅಳೆಯೋ ತೆಳ್ಳನೆ ಎಲೆಗಳು) ಅಳೆದು ಬರ್ಕೊ. ಅದೇ ಸಾಕ್ಷಿ. ಇನ್‌ಟೇಕ್, ಎಕ್ಸಾಸ್ಟ್ ಎರಡರ ಅಳತೆನೂ ನಿನ್ನ ಗಾಡಿ ಕೈಪಿಡಿಯಲ್ಲಿ ಇರೋದನ್ನೇ ಇಡ್ಸು.

ಒಂಟಿಕೊಪ್ಪಲ್ 800 (ಮೈಸೂರು)

ಭಾನುವಾರ ಬೆಳಿಗ್ಗೆ ಏಳಕ್ಕೆ ಪರಿಚಯದ ಮೆಕ್ಯಾನಿಕ್ ಒಬ್ಬರನ್ನ ಮನೆಗೇ ಕರೆಸಿದೆ. ವಾಲ್ವ್ ಕವರ್ ತೆಗೆದ ಕೂಡಲೇ ಮೂರನೇದರ ಎಕ್ಸಾಸ್ಟ್ ರಾಕರನ್ನ ಬೆರಳಲ್ಲಿ ಅಲುಗಿಸಿ ನೋಡಿದೆ. ಉಳಿದವು ಕೂದಲೆಳೆಯಷ್ಟು ಆಡ್ತವೆ, ಇದು ಅಲ್ಲಾಡಲೇ ಇಲ್ಲ. ಫೀಲರ್ ಗೇಜಿನ ಅತಿ ತೆಳ್ಳನೆ ಎಲೆ 0.05 ಮಿಲಿಮೀಟರಿಂದು. ಅದರ ತುದಿ ಕೂಡ ಒಳಗೆ ಹೋಗಲಿಲ್ಲ, ಬಗ್ಗಿತು. ಸಂದು ಸೊನ್ನೆ. ಒಂದು, ಎರಡನೇದರ ಎಕ್ಸಾಸ್ಟೂ ಬಿಗಿ ಇದ್ದವು, ಆದ್ರೆ ಸೊನ್ನೆ ಅಲ್ಲ.

ಆರೂ ವಾಲ್ವ್ ಸರಿ ಮಾಡಿ, ಹೊಸ ಕವರ್ ಗ್ಯಾಸ್ಕೆಟ್ ಹಾಕಿ ಸ್ಟಾರ್ಟ್ ಮಾಡಿದ್ವಿ. ಬಿಸಿಯಾಗೋ ತನಕ ಯಾರೂ ಮಾತಾಡಲಿಲ್ಲ. ಮುಳ್ಳು ಮಧ್ಯಕ್ಕೆ ಬಂತು, ಫ್ಯಾನ್ ತಿರುಗಿ ನಿಂತಿತು. ಇಂಜಿನ್ ಅಲುಗದೆ ಓಡ್ತಿದೆ. ಅಮ್ಮ ಒಳಗಿಂದ ಬಂದು "ಗಾಡಿ ಆಫ್ ಮಾಡಿದ್ರಾ?" ಅಂತ ಕೇಳಿದ್ರು.

ಮತ್ತೆ ಕಂಪ್ರೆಷನ್ ನೋಡಿಸಿದೆ: 165, 162, 146. ಗ್ಯಾಸ್ಕೆಟ್ ಮತ್ತು ಕೂಲಿ ಸೇರಿ 850 ರೂಪಾಯಿ ಆಯ್ತು. ಯಜಮಾನ್ರೇ, ಕೈಮುಗಿದು ಹೇಳ್ತೀನಿ, ನೀವು ಎಣ್ಣೆ ಚಮಚದ ಮಾತು ಹೇಳದೇ ಇದ್ದಿದ್ರೆ ಈ ಹೊತ್ತಿಗೆ ಇಂಜಿನ್ ಬಿಚ್ಚಿ ಹರಡಿರ್ತಿದ್ದೆ.

ಕಬ್ಬಿನ ಗದ್ದೆ (ಪಾಂಡವಪುರ)

ತುಂಬ ಖುಷಿ ಆಯ್ತು ಅಣ್ಣ. ನನ್ನ ಅಂದಾಜು ತಪ್ಪಾಯ್ತು, ಒಪ್ಕೋತೀನಿ. ಆದರೂ ಪೆಟ್ರೋಲ್ ಪೈಪ್ ಒಂದ್ಸಲ ಹಿಸುಕಿ ನೋಡಿ. ನನ್ನ ಹಳೇ ಗಾಡೀಲಿ ಹೊರಗೆ ಗಟ್ಟಿ ಕಂಡ ಪೈಪನ್ನ ಕತ್ತರಿಸಿದಾಗ ಒಳಪದರ ಅಂಟಂಟಾಗಿ ಕೈಗೆ ಕಪ್ಪು ಹತ್ತಿತ್ತು. ಎಥನಾಲಿಗೆ ತಡೆಯೋ ಪೈಪ್ ಕೇಳಿ ಹಾಕಿಸಿ, ಹಳೇ ಗಾಡಿಗೆ ಇದು ಬೇಕೇ ಬೇಕು.

ಹಳೇ ಸ್ಪ್ಯಾನರ್ (ಮಂಡ್ಯ)

ಪೈಪಿನ ಮಾತು ಕೇಳು, ಗದ್ದೆ ಹೇಳಿದ್ದು ಸರಿ.

ಒಂದು ಹೇಳ್ತೀನಿ, ಬೇಜಾರ್ ಮಾಡ್ಕಬೇಡ. 146 ಅಂದ್ರೆ ಪೂರ್ತಿ ವಾಸಿ ಆಗಿಲ್ಲ. ವಾಲ್ವ್ ತನ್ನ ಬಿಸಿನ ಸೀಟಿಗೆ ತಾಗಿ ಕೂತಾಗಲೇ ಇಳಿಸೋದು. ಎರಡು ತಿಂಗಳು ಸರಿಯಾಗಿ ಕೂತಿಲ್ಲ, ಅಂಚು ಸ್ವಲ್ಪ ಸುಟ್ಟಿರ್ತದೆ. 1,000 ಕಿಲೋಮೀಟರ್ ಓಡ್ಸಿ ತಣ್ಣಗಿದ್ದಾಗ ಮತ್ತೆ ಸಂದು ಅಳಿ. ಇಟ್ಟಷ್ಟೇ ಇದ್ರೆ ನಡೀಲಿ. ಮತ್ತೆ ಬಿಗಿ ಆಗಿದ್ರೆ ಸೀಟು ಇನ್ನೂ ಸವೀತಾ ಐತೆ, ಹೆಡ್ ಇಳಿಸಿ ವಾಲ್ವ್ ಮತ್ತೆ ಸೀಟಿನ ಕೆಲಸ ಮಾಡಿಸ್ಬೇಕಾಗ್ತದೆ. ಅವಾಗಲೂ ಹೆಡ್ ಮಾತ್ರ, ಬೋರ್ ಅಲ್ಲ. ಹೆಡ್ ಇಳಿಸೋದಾದ್ರೆ ಟೈಮಿಂಗ್ ಬೆಲ್ಟ್ ಹೊಸದೇ ಹಾಕ್ಸು.

ಒಂಟಿಕೊಪ್ಪಲ್ 800 (ಮೈಸೂರು)

ಇದು ಏಳು ವಾರ ಆದ ಮೇಲೆ ಬರೀತಿರೋದು. 1,150 ಕಿಲೋಮೀಟರ್ ಓಡಿದೆ, ಶ್ರೀರಂಗಪಟ್ಟಣ, ನಂಜನಗೂಡು, ಎರಡು ಸಲ ಬೆಟ್ಟ. ಹಳೇ ಜಾಗಗಳಲ್ಲಿ ಮೂರನೇ ಗೇರ್ ಸಾಕಾಯ್ತು. ಪೆಟ್ರೋಲ್ ಪೈಪ್ ಬದಲಿಸಿದೆ, ಗದ್ದೆ ಅಣ್ಣ ಹೇಳಿದ ಹಾಗೇ ಒಳಗೆ ಅಂಟಾಗಿತ್ತು. ಎಮಿಷನ್ ಚೀಟೀಲಿ ಎಚ್‌ಸಿ 510.

ನಿನ್ನೆ ಬೆಳಿಗ್ಗೆ ಸಂದು ಅಳೆದ್ವಿ. ಒಂದು, ಎರಡು ಇಟ್ಟಷ್ಟೇ ಇವೆ. ಮೂರನೇದರ ಎಕ್ಸಾಸ್ಟ್ ಮಾತ್ರ 0.03 ಮಿಲಿಮೀಟರ್ ಕಮ್ಮಿ ಆಗಿದೆ. ಮತ್ತೆ ಸರಿ ಮಾಡಿಸಿದೆ. ಕರ್ಚೀಫು ಈಗ ಒಳಕ್ಕೆ ಎಳ್ಕೊಳ್ತಿಲ್ಲ. ಯಜಮಾನ್ರೇ, ಹೆಡ್ ಈಗಲೇ ಇಳಿಸಬೇಕಾ, ಇನ್ನೊಂದು ಸಾವಿರ ನೋಡಬಹುದಾ?

ಹಳೇ ಸ್ಪ್ಯಾನರ್ (ಮಂಡ್ಯ)

ಇನ್ನೊಂದು ಸಾವಿರ ನೋಡು. ಅಳತೆ ಬರ್ಕಂಡಿರೋ ಚೀಟಿ ಗಾಡೀಲೇ ಇಟ್ಟಿರು. ಈ ಸಲವೂ 0.03 ಹೋದ್ರೆ ಮಂಡ್ಯಕ್ಕೆ ಗಾಡಿ ತಗಂಡು ಬಾ, ಹೆಡ್ ಕೆಲಸ ಚೆನ್ನಾಗಿ ಮಾಡೋ ಲೇತ್‌ನವರು ನಂಗೆ ಗೊತ್ತು, ಜೊತೇಲಿ ನಿಂತು ಮಾಡಿಸಿಕೊಡ್ತೀನಿ.